ಕೊನೆಯ ಹೆಸರಿನ ಕೆಳಗೆ

ಬಣ್ಣ ಹಳೆಯದೇ, ಸವೆತವೂ ಸಹಜವೇ. ಆದರೆ ಉಪ್ಪುಕಾಗದ ಹಿಡಿದು ಒಂದೇ ವಾರದಲ್ಲಿ ಇಂಥ ಸವೆತ ತರುವವರೂ ಇದ್ದಾರಲ್ಲ? ಮೇಜಿನ ಮೇಲೆ ಮಲಗಿದ್ದ ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ ರಿಪೇರಿಯವನ ಅನುಮಾನ ಇರುವೆಯಂತೆ ಹರಿಯುತ್ತಿತ್ತು. ಅರವತ್ತು ವರ್ಷದ ಅಸಲಿ ಮಾಲೆಂದು ಕೊಳ್ಳಹೊರಟವನು ಅವನ ತಮ್ಮ. ನುಡಿಸುವುದೊಂದೇ ತಮ್ಮನಿಗೆ ಗೊತ್ತಿದ್ದ ಬದುಕು. ತಂತಿ ಹಾಯುವ ಉದ್ದನೆಯ ನೆಕ್ ಬಿಚ್ಚಿ ಒಳಗಿನ ತಾರೀಖು ನೋಡದೆ ಹೂಂ ಅನ್ನುವಂತಿರಲಿಲ್ಲ.

ತಮ್ಮ ಆಂಪ್ಲಿಫೈಯರ್ ತರಲು ಕೆಳಗಿಳಿದಿದ್ದ.

“ಬಿಚ್ಚಿ ನೋಡಪ್ಪಾ. ಒಳಗೆ ಹೆಸರು ಮಾತ್ರ ಬರೀಬೇಡ,” ಎಂದಳು ಗಿಟಾರು ಮಾರುತ್ತಿದ್ದ ಮನೆಯ ಮುದುಕಿ. “ಮೊದಲು ಇದನ್ನ ನುಡಿಸ್ತಿದ್ದವನಿಗೆ ಕಿವಿ ಹೋಯ್ತು. ಹೊಟ್ಟೆಕಿಚ್ಚಿಗೆ ಮಾಟ ಮಾಡಿಸಿಟ್ಟ. ಒಳಗೆ ಯಾರ ಹೆಸರು ಬೀಳುತ್ತೋ ಅವರ ಕಿವಿ ಹೋಗುತ್ತೆ. ಕೆಳಗೆ ಇನ್ನೊಂದು ಹೆಸರು ಬಿದ್ರೇನೇ ವಾಪಸ್ ಬರೋದು.”

ಮೂಲೆಯ ಕುರ್ಚಿಯಲ್ಲಿ ಅವಳ ಗಂಡ ಗೋಡೆ ನೋಡುತ್ತ ಕೂತಿದ್ದ. ಅವನೂ ಒಂದು ಕಾಲದ ರಿಪೇರಿಯವನೇ. ಹನ್ನೊಂದು ವರ್ಷಗಳಿಂದ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ.

“ಮಾಟಕ್ಕೂ ರುಜು ಬೇಕಾ ಅಮ್ಮಾ? ಸರ್ಕಾರಿ ಕಚೇರಿ ಆಯ್ತಲ್ಲ!” ಎಂದ ರಿಪೇರಿಯವನು.

ಮುದುಕಿ ನಗಲಿಲ್ಲ.

ನಾಲ್ಕು ಸ್ಕ್ರೂ. ಲಟಕ್ಕೆಂದು ನೆಕ್ ಬಿಟ್ಟುಕೊಂಡಿತು. ಹಳೆಯ ವಾರ್ನಿಷು, ತುಕ್ಕು, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ನೆಕ್ಕಿನ ಬುಡದಲ್ಲಿ ಕಾರ್ಖಾನೆಯ ಮುದ್ರೆ, ತಾರೀಖು, ಎಲ್ಲ ಸರಿಯಾಗಿತ್ತು. ಅಸಲಿ! ಗಿಟಾರಿನ ಒಡಲ ಗುಳಿಯಲ್ಲಿ ಕರಿಮೇಣ, ಮೇಣದಲ್ಲಿ ಒತ್ತಿದ ಕೂದಲು. ಪಕ್ಕದಲ್ಲಿ ಐದು ಕೈಬರಹದ ಐದು ಹೆಸರು. ಕೊನೆಯದು ಮುದುಕನದು.

ಬಿಚ್ಚಿದವನು ಒಳಗೆ ಹೆಸರು ಬರೆದಿಡುವುದು ಆ ಕಸುಬಿನ ರೂಢಿ. ಅರ್ಧ ರೂಢಿಯಿಂದ, ಅರ್ಧ ಉಡಾಫೆಯಿಂದ, ಕಿವಿಯ ಸಂದಿನ ಪೆನ್ಸಿಲ್ ತೆಗೆದು ಅವನು ಆರನೆಯ ಹೆಸರು ಬರೆದ.

ಪೆನ್ಸಿಲಿನ ಕರಕರ ಕೊನೆಯ ಅಕ್ಷರದಲ್ಲಿ ನಿಂತಿತು. ಗಡಿಯಾರ ನಿಂತಿತು. ಬೀದಿ ನಿಂತಿತು. ತನ್ನ ಉಸಿರಿನ ಸದ್ದೂ ಇಲ್ಲ.

ಮೂಲೆಯಲ್ಲಿ ಮುದುಕ ಬೆಚ್ಚಿ ಗಡಿಯಾರದತ್ತ ತಿರುಗಿದ. ಅವನ ಕಣ್ಣು ತುಂಬಿತು.

ರಿಪೇರಿಯವನು ಕಿರುಚಿದ. ಗಂಟಲು ಉರಿಯಿತು, ದನಿ ಮಾತ್ರ ಕೇಳಲಿಲ್ಲ. ರಬ್ಬರಿನಿಂದ ಉಜ್ಜಿದ. ಅಳಿಯಲಿಲ್ಲ. ಉಗುರಿನಿಂದ ಕೆರೆದ. ರಕ್ತ ಬಂತು. ಹೆಸರು ಹೋಗಲಿಲ್ಲ. ಕಿವಿಯೇ ಅನ್ನ. ಕಿವಿ ಇಲ್ಲದೆ ಏನು? ಹಲಗೆಯ ನೆಲ ಅದುರಿತು. ಮೆಟ್ಟಿಲ ಮೇಲೆ ತಮ್ಮನ ಹೆಜ್ಜೆ. ಆ ಗಳಿಗೆಗೆ ಒಂದೇ ಹೆಸರು ಹೊಳೆಯಿತು. ಕೈ ಬರೆಯಿತು.

ಟಿಕ್. ಟಿಕ್. ಟಿಕ್.

ಅವನು ನಾಲ್ಕೂ ಸ್ಕ್ರೂ ಬಿಗಿದು ತಂತಿ ಏರಿಸಿದ.

ಒಳಬಂದು ಆಂಪ್ಲಿಫೈಯರ್ ಇಳಿಸಿದ ತಮ್ಮ ವೈರು ಸಿಕ್ಕಿಸಿ, ನಗುತ್ತ ತಂತಿ ಮೀಟಿದ. ಕಿಟಕಿಯ ಗಾಜು ಝಲ್ಲೆಂದಿತು. ತಮ್ಮ ಗುಂಡಿ ತಿರುಗಿಸಿದ. ಮತ್ತೆ ಮೀಟಿದ, ಇನ್ನೂ ಜೋರಾಗಿ.

“ಅಣ್ಣಾ, ಇದು ಆನ್ ಆಗಿದೆಯೇನೋ?” ಎಂದು ಕೂಗಿದ. ಆಮೇಲೆ ಇನ್ನೂ ಗಟ್ಟಿಯಾಗಿ, “ಅಣ್ಣಾ! ಏನಾದ್ರೂ ಮಾತಾಡೋ!”

ಅಣ್ಣ ಅದೇ ಪೆನ್ಸಿಲಿನಿಂದ ಚೀಟಿಯಲ್ಲಿ ‘ಗಿಟಾರ್ ಅಸಲಿ’ ಎಂದು ಬರೆದು ತೋರಿಸಿದ.

ಒಳಗೆ ಏಳನೆಯ ಹೆಸರು ಯಾರದೆಂದು ಅವನು ಎಂದೂ ಹೇಳಲಿಲ್ಲ.