ಅವನು ಬರೆದ ಫ್ಲಾಪಿ

ಸುಮನಾಳ ಗಂಡ ನಿರಂಜನನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಸುಮನಾ ಹೊಸನಗರದ ಮನೆಯ ಮುಂಭಾಗದಲ್ಲೇ ಇದ್ದ ಗಂಡನ ಕಂಪ್ಯೂಟರ್ ರಿಪೇರಿ ಅಂಗಡಿಯ ಶಟರ್ ಎತ್ತಿದಳು. ಅಳು ಬರಲಿಲ್ಲ. ಏನೂ ಬರಲಿಲ್ಲ.

ಶಟರ್ ಪೂರ್ತಿ ಮೇಲೇರುವ ಮೊದಲೇ ಒಂದು ಗಂಡಸಿನ ದನಿ.

"ನನ್ನ ಫ್ಲಾಪಿ ಡ್ರೈವ್ ಕೊಡಿ. ನಿರಂಜನ ಕಡ ತಗೊಂಡಿದ್ದ."

"ಯಾರು ನೀವು?"

"ಹರ್ಷವರ್ಧನ. ಸಾಗರದವನು."

ಓ... ಇವನೇನಾ! ಕೊನೆಕೊನೆಗೆ ನಿರಂಜನ ಫೋನಿನಲ್ಲಿ ಕೂಗಾಡುತ್ತಿದ್ದುದು ಇವನ ಜೊತೆಯೇ.

"ಇವತ್ತೇ ಬರಬೇಕಿತ್ತಾ?"

"ತೀರ್ಥಹಳ್ಳಿಲಿ ಧರ್ಮಪ್ಪನೋರ ಲಾರಿ ತೂಗೋ ವೇಬ್ರಿಡ್ಜ್ ನಿಂತಿದೆ, ಅದ್ರ ರಿಪೇರಿ ನಂದೇ. ಹಳೇ ಕಂಪ್ಯೂಟರ್, ಫ್ಲಾಪಿ ಹಾಕಿದ್ರೇ ಏಳೋದು. ನಿರಂಜನ ಬರ್ಕೊಟ್ಟ ಫ್ಲಾಪಿ ಒಂದೂ ಓಡಲ್ಲ. ಕಳಪೆ ಕೆಲಸ! ನಾನೇ ಬರ್ಕೋತೀನಿ."

ಇಷ್ಟು ದಿನ ಎಲ್ಲರೂ ಮೆಲ್ಲಗೆ ಮಾತಾಡಿದ್ದರು, ತಲೆ ಸವರಿದ್ದರು. ಯಾವುದೂ ತಟ್ಟಿರಲಿಲ್ಲ. ಈ ಮಾತು ತಟ್ಟಿತು.

"ಪ್ರತಿಯೊಂದನ್ನೂ ಇಲ್ಲೇ ಹಾಕಿ ನೋಡಿ ಕಳಿಸ್ತಿದ್ರು. ಸತ್ತವರ ಹೆಸರು ಕೆಡಿಸ್ಬೇಡಿ! ಡ್ರೈವ್ ಅಲ್ಲಿಗೇ ತರ್ತೀನಿ. ನನ್ನೆದುರೇ ತೋರ್ಸಿ."

"ಬನ್ನಿ, ಜೀಪಿದೆ."

"ನಿಮ್ಮ ಜೀಪು ನಿಮಗೇ ಇರ್ಲಿ. ಬಸ್ಸಲ್ಲಿ ಬರ್ತೀನಿ."

ಒಳಗಿಂದ ಅತ್ತೆ ಶೇಷಮ್ಮ ಹೇಳಿದರು: "ಹೋಗು ಮಗಾ. ಜಗಳನಾದ್ರೂ ಆಡು. ನೀ ಕಲ್ಲಿನ ಹಾಗೆ ಕೂತಿರೋದು ನೋಡೋಕಾಗಲ್ಲ ನಂಗೆ."

ತೀರ್ಥಹಳ್ಳಿಯ ವೇಬ್ರಿಡ್ಜ್ ಮುಂದೆ ಜಲ್ಲಿ ಲಾರಿಗಳು ಸಾಲುಗಟ್ಟಿದ್ದವು.

"ಬೈದಾಡೋಕೆ ಇಲ್ಲಿಗೇ ಬಂದ್ರಾ ಇಬ್ರೂ? ಲಾರಿಯೋರು ನನ್ನ ಹರಿದು ತಿಂತಾರೆ!" ಎಂದ ಧರ್ಮಪ್ಪ.

ಸುಮನಾ ನಿರಂಜನನ ಫ್ಲಾಪಿ ಹಾಕಿದಳು. ಕರಕರ ಸದ್ದು... ಕಂಪ್ಯೂಟರ್ ಏಳಲಿಲ್ಲ. ಇನ್ನೊಂದು ಹಾಕಿದಳು. ಅದೂ ಹಾಗೇ.

"ಕಂಡ್ರಾ?" ಎಂದ ಹರ್ಷ.

ಸುಮನಾ ಫ್ಲಾಪಿಯನ್ನು ತಿರುಗಿಸಿ ನೋಡಿದಳು. ಅವರೇ ತಪ್ಪು ಮಾಡಿದ್ರಾ? ಇಲ್ಲ...

ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಿದ್ದವಳು ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಅಲ್ಲಿನ ಡ್ರೈವ್ ತೆಗೆದು ಹರ್ಷನದನ್ನು ಜೋಡಿಸಿ, ಅದೇ ಫ್ಲಾಪಿ ಹಾಕಿದಳು.

ಕಂಪ್ಯೂಟರ್ ಎದ್ದಿತು!

ಎರಡನೆಯದಕ್ಕೂ ಎದ್ದಿತು. ಆಮೇಲೆ, ಅಲ್ಲಿನ ಪ್ರಿಂಟರ್ ಜೊತೆ ಬಂದಿದ್ದ ಹಳೆಯ ಫ್ಲಾಪಿ ಹಾಕಿದಳು. ವೇಬ್ರಿಡ್ಜಿನವರ ಡ್ರೈವ್ ಸಲೀಸಾಗಿ ಓದುತ್ತಿದ್ದ ಅದನ್ನು ಹರ್ಷನ ಡ್ರೈವ್ ಓದಲೇ ಇಲ್ಲ.

"ನಿಮ್ಮ ಡ್ರೈವಲ್ಲಿ ಓದೋ ಬರೆಯೋ ಹೆಡ್ ಓರೆಯಾಗಿದೆ. ಅದು ಬರೆದಿದ್ದನ್ನ ಅದು ಮಾತ್ರ ಓದತ್ತೆ. ಅವರು ಅದ್ರಲ್ಲೇ ಬರೆದು, ಅದ್ರಲ್ಲೇ ನೋಡಿ ಕಳಿಸಿದ್ರು. ಅವರು ಕಳಪೆ ಕೆಲಸ ಮಾಡ್ಲಿಲ್ಲ!"

ಹೇಳುತ್ತ ಹೇಳುತ್ತ ಬಿಕ್ಕಿದಳು. ಗಂಡ ಹೋದ ಮೇಲೆ ಮೊದಲ ಸಲ.

ಅವಳು ಎರಡೂ ಡ್ರೈವ್ ಜೋಡಿಸಿ, ಹರ್ಷನದರಿಂದ ಓದಿಸಿ, ಅಲ್ಲಿನದರಲ್ಲಿ ಹೊಸ ಫ್ಲಾಪಿ ಬರೆಸಿದಳು. ಮೊದಲ ಲಾರಿ ತೂಕಕ್ಕೆ ಹತ್ತಿತು.

"ಕೆಟ್ಟ ಡ್ರೈವ್ ಕೊಟ್ಟು ನಾನೇ ಅವನಿಗೆ ಬೈದೆ," ಎಂದ ಹರ್ಷ ಕೊನೆಗೆ. "ಈಗ ಜಗಳ ಆಡೋಕೂ ಅವನಿಲ್ಲ. ನಿಮ್ಮನೆ ಬಾಗ್ಲಿಗೆ ಬಂದು ಏನು ಮಾತಾಡ್ಬೇಕೋ ಗೊತ್ತಾಗ್ಲಿಲ್ಲ... ಬೈದ್ಬಿಟ್ಟೆ."

ಸುಮನಾ ಅವನ ಡ್ರೈವನ್ನು ಬಿಚ್ಚಿ, ಸೆರಗಿನಿಂದ ಧೂಳು ಒರೆಸಿದಳು.

"ತಗೊಳ್ಳಿ."

"ಓರೆ ಡ್ರೈವ್ ನಂಗ್ಯಾಕೆ?"

"ಕಡ ತಂದಿದ್ದು ಇಟ್ಕೊಳ್ಳೋದು ಅವರಿಗಾಗ್ತಿರ್ಲಿಲ್ಲ."

ಅವನು ಕೈ ಚಾಚಿ ಹಿಂಜರಿದ. "ಹೊಸನಗರಕ್ಕೆ... ಮತ್ತೆ ಬರ್ಬಹುದಾ?"

"ಬೈಯೋಕಾ?"

"ಬೈಸ್ಕೊಳ್ಳೋಕೆ."

ಸುಮನಾ ಕಣ್ಣೊರೆಸಿಕೊಂಡಳು. ಡ್ರೈವನ್ನು ಅವನ ಅಂಗೈಯಲ್ಲಿಟ್ಟಳು.

"ಬನ್ನಿ. ಇನ್ನೂ ತುಂಬಾ ಬೈಯೋದಿದೆ."