ಒಲೆ ಮುಂದಿನ ಕಾಲುಗಳು

ಸಿದ್ದಾಜಮ್ಮ ಮುದ್ದೆ ತೊಳಸುತ್ತಿದ್ದಾಗ ಗಂಡ ಮದುವೆಯ ಮಾತೆತ್ತಿದ. ಅವನದೇ ಎರಡನೆಯ ಮದುವೆ. ಹೆಣ್ಣು, ಗುಡ್ಡದಾಚೆ ಕೂಲಿ ಲೈನಿನ ಮೇಸ್ತ್ರಿ ಆರುಮುಗಂನ ಮಗಳು ತಂಗಮಣಿ. ಫುಟ್‌ಬಾಲ್ ಕಪ್ ಗೆದ್ದರೆ ಅವತ್ತೇ ತಾಂಬೂಲ ಅಂದಿದ್ದನಂತೆ ಮೇಸ್ತ್ರಿ.

"ನೀನೂ ಇರು, ಯಾರು ಬ್ಯಾಡ ಅಂದ್ರು? ಅಡಿಗೆಗೊಬ್ರು ಬೇಕಲ್ಲ," ಎಂದ ರಾಚಯ್ಯ.

ಅವಳು ಕೋಲು ನಿಲ್ಲಿಸಲಿಲ್ಲ. ಗಂಟಿಲ್ಲದಂತೆ ತೊಳಸಿ, ಉಂಡೆ ಕಟ್ಟಿ, ತುಪ್ಪ ಒಂದಿಷ್ಟು ಹೆಚ್ಚಿಗೇ ಬಿಟ್ಟಳು.

ಗೂಡಲೂರಿನ ಆ ಟೀ ಎಸ್ಟೇಟಿನ ದೊರೆಗೆ ಫುಟ್‌ಬಾಲಿನ ಹುಚ್ಚು. ರಾಚಯ್ಯನನ್ನೂ ಸಿದ್ದಾಜಮ್ಮನ ತಮ್ಮ ದೇವನನ್ನೂ ಆಟಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದ. ಇನ್‌ಫ್ಲುಯೆಂಜಾ ಬಂದು ಕೂಲಿ ಲೈನುಗಳಲ್ಲಿ ಹೆಣ ಬೀಳತೊಡಗಿದ ಮೇಲೆ ಈಗ ಎಲ್ಲ ಎಸ್ಟೇಟುಗಳಲ್ಲೂ ಆಟ, ಅಭ್ಯಾಸ ಎರಡೂ ನಿಂತಿದ್ದವು. ಜ್ವರ ಇಳಿದ ಮೇಲೆಯೇ ಊಟಿಯಲ್ಲಿ ಕಪ್ಪಿನ ಪಂದ್ಯ.

ಸಿದ್ದಾಜಮ್ಮನ ಅಪ್ಪ ಗುಂಡ್ಲುಪೇಟೆಯಿಂದ ಘಾಟಿಗೆ ಗಾಡಿ ಹೊಡೆಯುತ್ತಿದ್ದವನು. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತು ಮೇದ ಎತ್ತಿಗೆ ಮೊದಲು ಬರಿಗಾಡಿ, ಆಮೇಲೆ ಅರೆ ಹೇರು. ಒಂದು ಸಲ ಅವಸರಪಟ್ಟು ಪೂರಾ ಹೇರಿನೊಂದಿಗೇ ಹತ್ತಿಸಿದ್ದ. ಎತ್ತಿನ ತೊಡೆ ಒಳಗೊಳಗೇ ಹರಿಯಿತು. ಗಾಯವಿಲ್ಲ, ರಕ್ತವಿಲ್ಲ, ದೂರಲು ಯಾರೂ ಇಲ್ಲ. ಆ ಎತ್ತು ಮತ್ತೆ ನೊಗಕ್ಕೆ ಬರಲಿಲ್ಲ. ದೇವ ಆಗಿನ್ನೂ ತೊಟ್ಟಿಲಲ್ಲಿದ್ದ.

ಕುಂಟನಿಗೆ ಮೇಸ್ತ್ರಿ ಹೆಣ್ಣು ಕೊಡುವುದಿಲ್ಲ. ಕುಂಟ ಹೆಂಡತಿಯ ಕೈ ಬಿಡುವುದಿಲ್ಲ.

ಅಂದಿನಿಂದ ಅವಳು ಗಂಡನನ್ನು ಮಹಾರಾಜನಂತೆ ನೋಡಿಕೊಂಡಳು. ಸೌದೆ, ನೀರು ಎಲ್ಲ ತಾನೇ ಹೊತ್ತಳು. ಎಲೆ ಕೀಳಲು ಹೊರಡುವಾಗ ಒಲೆ ಮುಂದೆ ಕಂಬಳಿ ಹಾಸಿ, "ಕಾಲಿಗೆ ಬಲ ಕೂಡ್ಕೊಳ್ಳಲಿ, ಅಲ್ಲಾಡಬ್ಯಾಡಿ," ಎನ್ನುವಳು. ಸಂಜೆ ಬಂದಾಗಲೂ ಅವನು ಅಲ್ಲೇ ಬಿದ್ದುಕೊಂಡಿರುತ್ತಿದ್ದ. ತನ್ನ ಮೇಲೆ ಅನುಮಾನ ಬಾರದಿರಲೆಂದು ಅದೇ ಬುದ್ಧಿಮಾತನ್ನು ತಮ್ಮನಿಗೂ ಹೇಳಿದಳು. ತಾಯಿಯಂತೆ ಸಾಕಿದ ಅಕ್ಕನ ಮಾತನ್ನು ಅವನು ಟೀಮಿಗೆಲ್ಲ ಸಾರಿಬಂದ. ದೇವ ಗೋಲು ಕಾಯುವವನು. ನಿಂತು ಆಡುವವನಿಗೆ ಏನಾಗುತ್ತದೆ?

ಪಂದ್ಯದ ಬೆಳಿಗ್ಗೆ ಊಟಿಯ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಶುರುವಾದ ಸ್ವಲ್ಪದರಲ್ಲೇ ಒಬ್ಬ ತೊಡೆ ಹಿಡಿದು ಕೂತ. ಆಮೇಲೆ ಎದುರು ಟೀಮಿನವನೊಬ್ಬ. ಮತ್ತೊಬ್ಬ.

"ಏನೇ ಇದು, ರೋಗ ಬಡಿದ ಕೋಳಿಗಳಂಗೆ ಬೀಳ್ತಾವ್ರೆ!" ಪಕ್ಕದ ಮನೆಯ ಲಿಂಗಾಜಮ್ಮ ನಕ್ಕಳು.

ಸಿದ್ದಾಜಮ್ಮ ಸೆರಗಿನೊಳಗೆ ಕೈ ಹುದುಗಿಸಿ ತನ್ನವನ ಸರದಿಗೆ ಕಾದಳು. ರಾಚಯ್ಯ ಓಡುತ್ತಲೇ ಇದ್ದ. ಎರಡು ಗೋಲು ಹೊಡೆದ. ಆಟ ಮುಗಿಯುವ ಹೊತ್ತಿಗೆ ದೇವ ಒಂದು ಚೆಂಡಿಗೆ ಹಾರಿದ. ಕೆಳಗೆ ಬಿದ್ದವನು ಏಳಲಿಲ್ಲ.

ತಮ್ಮನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಅವಳು ಹುಲ್ಲಿನ ಮೇಲೆ ಕೂತಿದ್ದಳು. ತೊಡೆ ಊದಿ ಕಪ್ಪಿಡುತ್ತಿತ್ತು. "ಎಲ್ಲಾರ ಕಾಲೂ ಹೋದ್ವು, ನಿಂದು ಮಾತ್ರ ಕಬ್ಬಿಣವೇನಯ್ಯ?" ಎಂದು ಜೊತೆಯ ಆಟಗಾರ ಪುಟ್ಟಯ್ಯ ಕುಂಟುತ್ತಲೇ ಕೇಳಿದ. ರಾಚಯ್ಯ ಕಪ್ಪನ್ನು ಹೆಗಲಿಗೇರಿಸಿದ. "ಇವಳು ಎಲೆಗೆ ಹೋದೇಟ್ಗೆ ಗುಡ್ಡ ಹತ್ತಿ ತಂಗಮಣಿ ಮನೆ. ಇವಳು ಬರೋದ್ರೊಳಗೆ ಒಂದೇ ಉಸಿರಿಗೆ ಓಡಿಬಂದು ಕಂಬಳಿ. ದಿನಾ! ಒಂದಿನಾನಾದ್ರೂ ಮಲಗಿದ್ನೇನಯ್ಯ ನಾನು?" ಎಲ್ಲರೂ ಗೊಳ್ಳೆಂದರು. ದೇವ ಅವಳ ಸೆರಗು ಹಿಡಿದೆಳೆದ. "ಅಕ್ಕಾ, ನೀ ಹೇಳ್ದಂಗೇ ಅಲ್ಲಾಡದಂಗೆ ಇದ್ನಲ್ಲ. ಇನ್ನೇನು ತಪ್ಪು ಮಾಡ್ದೆ?" "ಥಂಡಿ ಕಣೋ," ಎಂದಳು ಸಿದ್ದಾಜಮ್ಮ. ತಾನು ಸಾಯುವ ತನಕ ಅದು ಥಂಡಿಯೇ ಎಂದು ಅಷ್ಟರೊಳಗೆ ಅವಳು ನಿರ್ಧರಿಸಿಯಾಗಿತ್ತು.