ಒಂಬತ್ತು ಬೇಡ, ಐದು ಸಾಕು

"ಹೇಳಪ್ಪಾ ಸ್ತೆರ್ಯೋಸ್... ಈ ಹಳೇ ಪದ್ಯದಲ್ಲಿ ಗಂಡ ಹಡಗು ಹತ್ತುವಾಗ ಹೆಂಡತಿ ಏನಂತಾಳೆ? ಇವತ್ತಿನ ಮಾತಲ್ಲಿ ಹೇಳು!"

ಪ್ರೊಫೆಸರ್ ಲಂಬ್ರಿನಿ ಮೇಡಂ ಕನ್ನಡಕದ ಮೇಲಿಂದ ನೋಡಿದರು.

ಪಕ್ಕದ ಕುರ್ಚಿಯಲ್ಲಿ ಫ್ರೋಸೋ ತನ್ನ ಸರದಿ ಕಾಯುತ್ತಿದ್ದಳು. ಥೆಸಲೊನೀಕಿಯ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಪಾಸಾಗಲು ಉಳಿದದ್ದು ಪ್ರಾಚೀನ ಗ್ರೀಕ್ ಒಂದೇ. ಅಪ್ಪನ ಮಾತು ಖಡಾಖಂಡಿತ: "ಈ ಸಲವೂ ಫೇಲಾದ್ರೆ ಗಂಟುಮೂಟೆ ಕಟ್ಟು!" ಆಮೇಲೆ ಊರಾದ ಫ್ಲೋರಿನಾದಲ್ಲಿ ಮನೆಯ ಬೇಕರಿಯೇ ಗತಿ. ಟೀಚರ್ ಆಗುವ ಕನಸು ಅಲ್ಲಿಗೆ ಮುಗಿಯಿತು.

ಮೌಖಿಕ ಪರೀಕ್ಷೆಗೆ ಇಬ್ಬಿಬ್ಬರನ್ನು ಕರೆಯುತ್ತಾರೆ. ಒಬ್ಬರಿಗೆ ಬಾರದ ಪ್ರಶ್ನೆ ಇನ್ನೊಬ್ಬರಿಗೆ. ಅವಳು ಚೆನ್ನಾಗಿ ಕಲಿತದ್ದು ಈ ಬೀಳ್ಕೊಡುಗೆಯ ಭಾಗ ಮಾತ್ರ. ಅದೇ ಈ ಅಪರಿಚಿತ ಹುಡುಗನ ಪಾಲಾಗಿತ್ತು!

'ಅಯ್ಯೋ ದೇವರೇ... ಮುಗೀತು ನನ್ನ ಕಥೆ.'

"ಬರಲ್ಲ ಮೇಡಂ," ಎಂದ ಅವನು.

"ಹಾಗಾದ್ರೆ ಸೆಪ್ಟೆಂಬರಲ್ಲಿ ಬಾ. ಫ್ರೋಸೋ, ನೀನು?"

ಅವಳು ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟಳು. ಹತ್ತಕ್ಕೆ ಒಂಬತ್ತು!

ಹೊರಗೆ ಸುದ್ದಿ ಕೇಳಿದ ಗೆಳತಿ ವಾಯಾ ಬಾಯಿಯ ಮೇಲೆ ಕೈಯಿಟ್ಟಳು. "ಸ್ತೆರ್ಯೋಸ್ ಬರಲ್ಲ ಅಂದನಾ? ಲೇ, ಆ ಭಾಗ ನನಗೆ ಹೇಳಿಕೊಟ್ಟಿದ್ದೇ ಅವನು ಕಣೇ!"

ಫ್ರೋಸೋಳ ಮೈಯೆಲ್ಲ ಉರಿಯಿತು. ಕ್ಯಾಂಟೀನಿನಲ್ಲಿ ತಣ್ಣನೆ ಕಾಫಿ ಹೀರುತ್ತಿದ್ದವನ ಎದುರು ಹೋಗಿ ನಿಂತಳು.

"ನಾನೇನು ಭಿಕ್ಷೆ ಕೇಳಿದ್ನಾ? ನನಗೆ ಕನಿಕರ ತೋರಿಸೋಕೆ ನೀನ್ಯಾರೋ?"

"ಕನಿಕರ ಅಲ್ಲ..." ಅವನ ದನಿ ಇಳಿಯಿತು. "ಅದೊಂದೇ ಬರತ್ತೆ ಅಂತ ನೀನು ನಿಮ್ಮಮ್ಮಂಗೆ ಫೋನಲ್ಲಿ ಹೇಳ್ತಿದ್ದೆ, ನನಗೆ ಕೇಳಿಸ್ತು. ನಾನು ಸೆಪ್ಟೆಂಬರಲ್ಲಿ ಬರ್ತೀನಿ. ನೀನು ಊರಿಗೆ ಹೋದ್ರೆ ಹೋದಂಗೇ."

"ಹೋದ್ರೆ ನಿನಗೇನು?"

ಅವನು ಕಾಫಿ ಲೋಟ ದೂರ ಸರಿಸಿದ.

'ಈ ಅಂಕ ಇಟ್ಕೊಂಡು ನಾಳೆ ಮಕ್ಕಳ ಮುಂದೆ ಹೇಗೆ ನಿಲ್ಲಲಿ?' ಅವಳು ಅವನ ತೋಳು ಹಿಡಿದು ಮೇಡಂ ಕೋಣೆಗೆ ದರದರನೆ ಎಳೆದುಕೊಂಡು ಬಂದಳು.

"ಮೇಡಂ, ಇವನು ಸುಳ್ಳು ಹೇಳಿದ. ನನ್ನ ಒಂಬತ್ತು ಹೊಡೆದುಹಾಕಿ. ಬೇರೆ ಏನಾದ್ರೂ ಕೇಳಿ!"

ಮೇಡಂ ಬೇರೊಂದು ಪುಟ ತೆಗೆದರು. ಫ್ರೋಸೋ ತಡವರಿಸಿದಳು, ತಪ್ಪಿದಳು, ಅಳು ನುಂಗಿಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು.

"ಐದು," ಎಂದರು ಮೇಡಂ ಕೊನೆಗೆ. "ಪಾಸು."

'ಸದ್ಯ, ಬದುಕಿದೆ!'

"ಈಗ ನೀನು ಬಾರಯ್ಯಾ, ಮಹಾತ್ಯಾಗಿ. ಹೆಂಡತಿ ಏನಂತಾಳೆ?"

ಸ್ತೆರ್ಯೋಸ್ ಪುಸ್ತಕ ನೋಡಲೇ ಇಲ್ಲ, ಫ್ರೋಸೋಳನ್ನು ನೋಡಿದ. "ಹೋಗಬೇಡ ಅಂತಾಳೆ... ಒಂದು ವರ್ಷದಿಂದ ಲೈಬ್ರರೀಲಿ ನಿನ್ನ ಎದುರಿನ ಮೇಜಲ್ಲೇ ಕೂರ್ತಿದ್ದೀನಿ, ನೀನಿಲ್ಲದೆ ಈ ಊರಲ್ಲಿ ನಾನೇನು ಮಾಡ್ಲಿ ಅಂತಾಳೆ."

"ಆ ಪದ್ಯದಲ್ಲಿ ಲೈಬ್ರರಿ ಎಲ್ಲಿದೆಯಪ್ಪಾ?" ಮೇಡಂ ಹುಬ್ಬೇರಿಸಿದರು.

"ಇಲ್ಲ ಮೇಡಂ."

ಫ್ರೋಸೋಳ ಕೆನ್ನೆ ಕೆಂಪಾಯಿತು. "ಗಂಡನ ಉತ್ತರ ನಾನು ಹೇಳ್ಲಾ ಮೇಡಂ?"

"ಹೇಳಮ್ಮಾ."

"ಹಡಗು ಹೋದ್ರೆ ಹೋಗ್ಲಿ ಅಂತಾನೆ... ನಾಳೆಯಿಂದ ಎದುರಿಗೆ ಬೇಡ, ಪಕ್ಕದಲ್ಲೇ ಕೂತ್ಕೋ ಅಂತಾನೆ."